ಹಿಲ್ಡಾ ಬದಲಿಸಿದ ಶಬ್ದ

ಅಬು ಹಲೀಫಾ

ಕುವೈತಿನಲ್ಲಿ ನನ್ನ ಮೊದಲ ಬೆಳಗು ಒಡೆದ ಚಹಾದಿಂದ ಶುರುವಾಯಿತು. ಮನೆಯವರು ಇನ್ನೂ ಎದ್ದಿರಲಿಲ್ಲ. ನಾನೇ ಒಲೆ ಹಚ್ಚಿ, ಫ್ರಿಜ್ಜಿನಲ್ಲಿದ್ದ ಬಿಳಿ ಬಾಟಲಿ ತೆಗೆದು ಕುದಿಯುವ ಚಹಾಕ್ಕೆ ಸುರಿದೆ. ಪಾತ್ರೆಯಲ್ಲಿ ಗಡ್ಡೆ ಒಂದು ಕಡೆ, ನೀರು ಒಂದು ಕಡೆಯಾಯಿತು. ಶಿರ್ವದ ಬಳಿಯ ನಮ್ಮ ಹಾಲಿನ ಸೊಸೈಟಿಯಲ್ಲಿ ಬಹಳ ವರ್ಷ ಹಾಲು ಅಳೆದವನು ನಾನು. ನೀರು ಬೆರೆಸಿದ ಹಾಲನ್ನು ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಗುರುತಿಸುತ್ತೇನೆಂದು ಊರಿನಲ್ಲಿ ಸಣ್ಣ ಹೆಸರೂ ಇತ್ತು. ಆ ಹೆಸರು ನನ್ನ ಜೊತೆ ವಿಮಾನ ಹತ್ತಿರಲಿಲ್ಲ.

ನನ್ನ ಹೆಂಡತಿಯ ತಮ್ಮ ವಾಲ್ಟರನ ಮಗಳು ರಿಯಾ ನಿದ್ದೆಗಣ್ಣಿನಲ್ಲಿ ಬಂದು ಪಾತ್ರೆಯೊಳಗೆ ಇಣುಕಿದಳು.

"ಮಾಮಾ, ದಟ್ಸ್ ಲಬನ್."

ಹಿಂದೆಯೇ ವಾಲ್ಟರ್ ಬಂದ. "ಹಾಲಿಗೆ ಇಲ್ಲಿ ಹಲೀಬ್ ಅಂತಾರೆ ಭಾವ. ಲಬನ್ ಅಂದ್ರೆ ಮಜ್ಜಿಗೆ. ಇದರ ಫೋಟೋ ತೆಗ್ದು ನಿಮ್ಮ ಸೊಸೈಟಿಯವ್ರಿಗೆ ಕಳಿಸ್ಬೇಕು ಮಾರಾಯ್ರೆ."

ನಮ್ಮ ಮನೆಮಾತು ಕೊಂಕಣಿ. ಓದುವವರಿಗಾಗಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಾಲ್ಟರ್ ಮೀನಾ ಅಲ್ ಅಹ್ಮದಿಯ ತೈಲಾಗಾರದಲ್ಲಿ ಟೆಕ್ನಿಶಿಯನ್. ಅಬು ಹಲೀಫಾದಲ್ಲಿರುವ ಅವನ ಮನೆಯ ಬಾಲ್ಕನಿಯಿಂದ ಕಟ್ಟಡಗಳ ನಡುವೆ ಒಂದು ಚೂರು ಸಮುದ್ರ ಕಾಣುತ್ತದೆ. ಕೆಳಗಿನ ಅಂಗಡಿಗೆ ಬಕಾಲಾ ಎನ್ನುತ್ತಾರೆ. ಅಲ್ಲಿಗೆ ಸಾಮಾನು ಕೊಳ್ಳಲು ಬಂದವರು ಕಾರಿನಿಂದ ಇಳಿಯುವುದಿಲ್ಲ. ಹಾರ್ನ್ ಹಾಕುತ್ತಾರೆ, ಅಂಗಡಿಯವನು ಓಡಿ ಹೋಗಿ ಕಿಟಕಿಯಲ್ಲಿ ಕೊಟ್ಟು ಬರುತ್ತಾನೆ. ನಾನು ಒಂದು ಬ್ರೆಡ್ಡಿಗಾಗಿ ಒಳಗೆ ನಿಂತುಕೊಂಡೆ. ಹಾರ್ನ್ ಹಾಕಿದವರಿಗೆಲ್ಲ ಸಾಮಾನು ಸಿಕ್ಕಿದ ಮೇಲೆ ನನಗೆ ಸಿಕ್ಕಿತು. ನಮ್ಮೂರಿನಲ್ಲಿ ಅಂಗಡಿ ಮುಂದೆ ಹಾರ್ನ್ ಹಾಕಿದರೆ ಜಗಳವಾಗುತ್ತದೆ.

ಹಿಲ್ಡಾ ತೀರಿಕೊಂಡು ಒಂದು ವರ್ಷವಾಗುತ್ತಿತ್ತು. ನನ್ನ ಹೆಂಡತಿ ಈ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ನಮಗೆ ಮಕ್ಕಳಿಲ್ಲ. ನಮ್ಮ ಕಡೆ ಗಂಡಸರು ಗಲ್ಫಿಗೆ ಹೋಗುತ್ತಾರೆ, ಹೆಂಗಸರು ಮನೆಯಲ್ಲಿ ಇರುತ್ತಾರೆ, ನಮ್ಮಲ್ಲಿ ತಿರುಗುಮುರುಗಾಗಿತ್ತು. ಅವಳನ್ನು ಊರಿಗೆ ತಂದು ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಮಣ್ಣಿಗೇ ಕೊಟ್ಟೆವು. ಗೋರಿಯ ಕಲ್ಲು ಸಿದ್ಧವಾಗಿತ್ತು. ಹೆಸರು ಕೆತ್ತಿದ್ದರು. ಅದರ ಕೆಳಗಿನ ಸಾಲು ಖಾಲಿ ಇತ್ತು. ಆ ಸಾಲು ತುಂಬಿಸಲಾಗದೆಯೇ ನಾನು ಇಲ್ಲಿಗೆ ಬಂದದ್ದು.

ಶುಕ್ರವಾರದ ಭಾನುವಾರ

ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮವರಿಗೆ ಅದೇ ಭಾನುವಾರ. ಊರಿನಲ್ಲಿ ಶುಕ್ರವಾರ ಮಾಂಸ ಮುಟ್ಟದೆ ಬೆಳೆದವನು ನಾನು. ಇಲ್ಲಿ ಶುಕ್ರವಾರ ಪೂಜೆ ಮುಗಿಸಿ ಬಂದು ವಾಲ್ಟರನ ಹೆಂಡತಿ ಐರಿನ್ ಬಡಿಸಿದ, ಹಂದಿ ಸಿಗದ ದೇಶವಾದ್ದರಿಂದ ಕೋಳಿಯ, ಸಾರಿನ ಜೊತೆ ಇಡ್ಲಿಯಂಥ ಸಾನ್ನಾ ತಿಂದೆ. ಇಗರ್ಜಿಯಲ್ಲಿ ಎಷ್ಟು ಜನವೆಂದರೆ ಒಂದು ಭಾಷೆಯ ಪೂಜೆ ಮುಗಿಸಿ ಹೊರಬರುವವರಿಗೂ ಮುಂದಿನ ಭಾಷೆಯವರಿಗೂ ಬಾಗಿಲಲ್ಲಿ ಭುಜ ತಾಗುತ್ತಿತ್ತು.

ಊಟದ ನಂತರ ವಾಲ್ಟರ್ ವಿಷಯಕ್ಕೆ ಬಂದ.

"ಕಲ್ಲಿಗೆ ಏನು ಬರೆಸ್ತೀರಿ ಭಾವ? ನಮ್ಮ ಅಜ್ಜ, ಅಪ್ಪ, ಎಲ್ಲರ ಕಲ್ಲಿನಲ್ಲೂ ಒಂದೇ ಸಾಲು ಉಂಟಲ್ಲ. ಅದನ್ನೇ ಹಾಕಿ. ಅಮ್ಮನಿಗೂ ಸಮಾಧಾನ."

ಆ ಸಾಲು 'ದೆವಾಚೆ ಮಾಯೆ, ನಮಗಾಗಿ ಪ್ರಾರ್ಥಿಸು' ಎಂಬರ್ಥದ್ದು. ದೆವಾಚೆ ಮಾಯೆ ಎಂದರೆ ದೇವರ ತಾಯಿಯೇ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಸಂಜೆಯ ಜಪಮಾಲೆಯ ಪ್ರಾರ್ಥನೆಗೆ ನಾವು ತೇರ್ಸ್ ಎನ್ನುತ್ತೇವೆ. ಅದರಲ್ಲಿ ಮರಿಯಮ್ಮನವರ ಪ್ರಾರ್ಥನೆ ಮತ್ತೆ ಮತ್ತೆ ಬರುತ್ತದೆ. ಒಬ್ಬರು ಅದರ ಮೊದಲರ್ಧ ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧ ಹೇಳಿ ಉತ್ತರ ಕೊಡುತ್ತಾರೆ. ಹಿಲ್ಡಾ ಮತ್ತು ನಾನು ಇದನ್ನು ಫೋನಿನಲ್ಲಿ ಹೇಳುತ್ತಿದ್ದೆವು. ಯಜಮಾನ ಎಂಬ ಲೆಕ್ಕದಲ್ಲಿ ಮೊದಲರ್ಧ ನನ್ನದು. ಉತ್ತರ ಅವಳದು. ಅವಳ ಹಿಂದೆ ಇನ್ನೊಂದು ಹೆಣ್ಣುದನಿಯೂ ಕೇಳಿಸುತ್ತಿತ್ತು. ಅದು ಅವಳ ರೂಮಿನ ಜೊತೆಗಾತಿ, ಅದೇ ಆಸ್ಪತ್ರೆಯ ನರ್ಸ್, ತ್ರಿಶೂರಿನ ಸಾರಾ ಸಿಸ್ಟರ್.

ಕೊನೆಯ ಕೆಲವು ವರ್ಷ ಆ ಉತ್ತರದಲ್ಲಿ ಒಂದು ಶಬ್ದ ಬೇರೆಯಾಗಿತ್ತು. ಹಿಲ್ಡಾ 'ದೆವಾಚೆ ಮಾಯೆ' ಎನ್ನುವಲ್ಲಿ 'ಜೆಜುಚೆ ಮಾಯೆ', ಅಂದರೆ ಯೇಸುವಿನ ತಾಯಿಯೇ, ಎನ್ನುತ್ತಿದ್ದಳು. ಒಮ್ಮೆ ಯಾಕೆಂದು ಕೇಳಿದೆ. "ಎರಡೂ ಒಬ್ಬಳೇ ತಾಯಿ ಅಲ್ವಾ? ಮುಂದೆ ಹೇಳಿ," ಎಂದಳು. ಮುಂದೆ ಹೇಳಿದೆ.

ಒಮ್ಮೆ ಅಕ್ಟೋಬರ್ ತಿಂಗಳ ತೇರ್ಸಿಗೆ ವಾಲ್ಟರನ ಮನೆಯ ಇದೇ ಹಜಾರದಲ್ಲಿ ಎಲ್ಲರೂ ಸೇರಿದ್ದಾಗ ಅವಳ ಬಾಯಿಂದ ರೂಢಿಯಂತೆ ಅದೇ ಶಬ್ದ ಬಂತು. ಪಕ್ಕದಲ್ಲಿ ಮೊಣಕಾಲೂರಿದ್ದ ವಾಲ್ಟರ್ ಕೇಳಿಸಿಕೊಂಡ. ಅಕ್ಕ ಯಾವುದೋ ಹೊಸ ಪ್ರಾರ್ಥನಾ ಪಂಗಡಕ್ಕೆ ಸೇರಿದ್ದಾಳೆ, ಆ ಮಲಬಾರಿ ಸಿಸ್ಟರೇ ಎಳೆದದ್ದು ಎಂದು ಅವನಿಗೆ ಅನ್ನಿಸಿತು. ಆ ಮಾತು ಅಬು ಹಲೀಫಾದಿಂದ ಹೊರಟು ನಮ್ಮೂರ ಇಗರ್ಜಿಯ ಅಂಗಳಕ್ಕೆ ಬೇಗನೇ ತಲುಪಿತು. ಊರಿನಲ್ಲಿರುವ ಅತ್ತೆ, ಹಿಲ್ಡಾಳ ಅಮ್ಮ, ಆಗ ಹೇಳುತ್ತಿದ್ದದ್ದು ಇಷ್ಟೇ: "ಕಲ್ಲಿನಲ್ಲಿ ದೆವಾಚೆ ಮಾಯೆ ಅಂತ ಇಲ್ಲದಿದ್ರೆ ಜನ ಹೇಳಿದ್ದು ನಿಜ ಅಂತ ಆಗ್ತದೆ." ನನ್ನ ಕಷ್ಟ ಬೇರೆ. ಅವಳು ತಿಳಿದೇ ಬಿಟ್ಟ ಶಬ್ದವಾಗಿದ್ದರೆ, ಸತ್ತ ಮೇಲೆ ಅದನ್ನು ಅವಳ ಬಾಯಿಗೆ ತುರುಕಿದ ಹಾಗಾಗುತ್ತದೆ.

"ಸಾರಾ ಸಿಸ್ಟರನ್ನು ಕೇಳಿ ಹೇಳ್ತೇನೆ," ಎಂದೆ.

"ಕೇಳಿ. ಆದ್ರೆ ಅಕ್ಕನ ವರ್ಷದ ತೇರ್ಸಿಗೆ ಅವರನ್ನ ಕರೀಲಿಕ್ಕೆ ನನ್ನಿಂದ ಆಗುದಿಲ್ಲ ಭಾವ. ಬೇಜಾರು ಮಾಡ್ಬೇಡಿ."

ರಿಯಾ ಫೋನಿನಿಂದ ತಲೆ ಎತ್ತಿದಳು. "ಡ್ಯಾಡ್, ಇಟ್ಸ್ ಒನ್ ವರ್ಡ್."

"ಒಂದು ವಾಲ್ವ್ ತಪ್ಪು ತಿರುಗಿಸಿದ್ರೆ ಏನಾಗ್ತದೆ ಗೊತ್ತುಂಟಾ ನಿಂಗೆ?" ಎಂದ ವಾಲ್ಟರ್.

ದೋಣಿಯಲ್ಲಿ

ಸಾರಾ ಸಿಸ್ಟರ್ ಮನೆಗೆ ಬನ್ನಿ ಎನ್ನಲಿಲ್ಲ. "ಫೈಲಕಾಕ್ಕೆ ಹೋಗುವ, ಚೇಟ್ಟಾ. ಅಲ್ಲಿ ಹೇಳಿದ್ರೆ ನಿಮಗೆ ಬೇಗ ತಿಳೀತದೆ," ಎಂದರು. ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಿ, ಹಾಗಾಗಿ ಅವರಿಗೆ ಕನ್ನಡ ಬರುತ್ತದೆ. ಚೇಟ್ಟಾ ಎಂದರೆ ಮಲಯಾಳದಲ್ಲಿ ಅಣ್ಣ, ಚೇಚಿ ಎಂದರೆ ಅಕ್ಕ. ಫೈಲಕಾ ಎಂದರೆ ಕುವೈತ್ ಕೊಲ್ಲಿಯ ಬಾಯಲ್ಲಿರುವ ಒಂದು ಚಪ್ಪಟೆ ದ್ವೀಪ. ಶನಿವಾರ ಹೊರಟೆವು.

ಕರಾವಳಿಯವನಾದರೂ ನಾನು ಸಮುದ್ರಕ್ಕೆ ಹೋದವನಲ್ಲ. ದಡ ಮರೆಯಾಗುವ ಮೊದಲೇ ದೋಣಿಯ ಅಂಚು ಹಿಡಿದು ವಾಂತಿ ಮಾಡಿಕೊಂಡೆ. ಬಗ್ಗಿದಾಗ ಅಂಗಿಯ ಜೇಬಿನಿಂದ ಜಪಮಾಲೆ ಬಿತ್ತು. ಎದುರು ಕೂತಿದ್ದ ವಯಸ್ಸಾದ ಕುವೈತಿಯೊಬ್ಬರು ಅದನ್ನು ಹೆಕ್ಕಿ, ತಮ್ಮ ಬಿಳಿ ನಿಲುವಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. ಅವರ ಬೆರಳಲ್ಲೂ ಮಣಿಸರವಿತ್ತು. ಅದನ್ನು ಎತ್ತಿ ತೋರಿಸಿ "ಸೇಮ್ ಸೇಮ್," ಎಂದರು. ಆಮೇಲೆ ನನ್ನದರ ತುದಿಯ ಶಿಲುಬೆಯನ್ನು ನೋಡಿ, ಸ್ವಲ್ಪ ಯೋಚಿಸಿ, "ನಾಟ್ ಸೇಮ್," ಎಂದರು. ಇಬ್ಬರೂ ನಕ್ಕೆವು. ನನ್ನ ನಗು ಅರ್ಧದಲ್ಲಿ ನಿಂತು ಮತ್ತೆ ಬಗ್ಗಬೇಕಾಯಿತು.

ಸಾರಾ ಬೆನ್ನು ತಟ್ಟಲು ಬರಲಿಲ್ಲ, ಅನುಭವಿ ನರ್ಸಿನ ಹಾಗೆ ನೀರಿನ ಬಾಟಲಿ ಹಿಡಿದು ದೂರ ನಿಂತಿದ್ದರು. ಒಡೆದ ಚಹಾದ ಕಥೆ ಹೇಳಿದಾಗ ಜೋರಾಗಿ ನಕ್ಕರು.

"ನಮ್ಮ ವಾರ್ಡಿನಲ್ಲಿ ದಿನಾ ಇದೇ ಗಲಾಟೆ. ಈಜಿಪ್ಟಿನವರಿಗೆ ಲಬನ್ ಅಂದ್ರೆ ಹಾಲು. ಕುವೈತಿಗಳಿಗೆ ಮಜ್ಜಿಗೆ. ಪೇಶೆಂಟ್ ಲಬನ್ ಕೇಳಿದ್ರೆ ಹಿಲ್ಡಾ ಚೇಚಿ ಮೊದ್ಲು ಕೇಳುದು, 'ಊರು ಯಾವುದು?' ಅಂತ."

ಕುಸೂರ್

ದ್ವೀಪದಲ್ಲಿ ಮೊದಲು ಊರೇ ಇತ್ತಂತೆ. ಗಲ್ಫ್ ಯುದ್ಧದಲ್ಲಿ ಎಲ್ಲರೂ ಬಿಟ್ಟು ಹೋದರು, ಹೆಚ್ಚಿನವರು ಮರಳಲಿಲ್ಲ. ಗುಂಡು ತೂರಿದ ಗೋಡೆಗಳು ಹಾಗೆಯೇ ನಿಂತಿವೆ. ಒಂದು ಮನೆಯ ಬಾಗಿಲಿಲ್ಲದ ಬಾಗಿಲಲ್ಲಿ ಒಂಟೆಯೊಂದು ನಿಂತು ನಮ್ಮನ್ನು ನೋಡಿತು.

ನಾವು ನೋಡಬೇಕಾದ ಜಾಗದ ಹೆಸರು ಅಲ್ ಕುಸೂರ್. ಅರಬಿಯಲ್ಲಿ ಕೋಟೆ, ಅರಮನೆ ಎಂದಂತೆ. ಪಿಕಪ್ಪಿನ ಪೇಶಾವರದ ಡ್ರೈವರನಿಗೆ ಹೆಸರು ಹೇಳಿದೆ. ನನ್ನ ಬಾಯಲ್ಲಿ ಅದು ಹಿಂದಿಯ 'ಕಸೂರ್', ಅಂದರೆ ತಪ್ಪು, ಎಂದಾಯಿತು.

"ಕಸೂರ್ ನೋಡ್ಲಿಕ್ಕೆ ಸಮುದ್ರ ದಾಟಿ ಬಂದ್ರಾ ಭಾಯಿ? ಯಾರ ಕಸೂರ್?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ಅದನ್ನೇ ಕೇಳ್ಲಿಕ್ಕೆ ಬಂದದ್ದು," ಎಂದೆ. ಅವನು ಸ್ಟಿಯರಿಂಗಿಗೆ ಬಡಿದು ನಕ್ಕ. "ಚಲೋ!"

ತಂತಿಬೇಲಿಯ ಆಚೆ ಮೊಣಕಾಲೆತ್ತರದ ಮಣ್ಣುಬಣ್ಣದ ಗೋಡೆಗಳಿದ್ದವು. ಹೇಳದಿದ್ದರೆ ಯಾರೋ ಪಾಯ ತೆಗೆದು ಕೆಲಸ ನಿಲ್ಲಿಸಿದ್ದಾರೆಂದು ಅಂದುಕೊಳ್ಳುತ್ತಿದ್ದೆ. ಅದು ಸಾವಿರ ವರ್ಷಕ್ಕೂ ಹಳೆಯ ಇಗರ್ಜಿ. ಅಗೆದಾಗ ಗಾರೆಯ ಶಿಲುಬೆ ಸಿಕ್ಕಿತ್ತಂತೆ.

"ನಮ್ಮವರ ಪಳ್ಳಿ," ಎಂದರು ಸಾರಾ. ಪಳ್ಳಿ ಎಂದರೆ ಅವರ ಭಾಷೆಯಲ್ಲಿ ಇಗರ್ಜಿ.

"ನಿಮ್ಮವರು ಅಂದ್ರೆ?"

"ಪೂರ್ವದ ಸಭೆ. ತ್ರಿಶೂರಿನಲ್ಲಿ ನಾವು ಸ್ವಲ್ಪ ಜನ ಇದ್ದೇವೆ. ನೀವು ನಮ್ಮನ್ನ ನೆಸ್ಟೋರಿಯನ್ ಅಂತೀರಿ. ನಾವು ಹಾಗೆ ಹೇಳಿಕೊಳ್ಳುದಿಲ್ಲ."

ನೆಸ್ಟೋರಿಯಸ್ ಎಂಬ ಹೆಸರನ್ನು ನಾನು ಚಿಕ್ಕಂದಿನ ಧರ್ಮಪಾಠದಲ್ಲಿ ಕೇಳಿದ್ದೆ. ಪಾಷಂಡಿಗಳ ಸಾಲಿನಲ್ಲಿ ಬರುವ ಹೆಸರು. ನಾಟಕದ ಖಳನ ಹೆಸರಿನಂತೆ ನೆನಪಿತ್ತು, ಏನು ಮಾಡಿದನೆಂದು ನೆನಪಿರಲಿಲ್ಲ. ಬೇಲಿಯ ಪಕ್ಕದ ತುಸು ನೆರಳಿನಲ್ಲಿ ನಿಂತು ಸಾರಾ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿದರೆ ಕಥೆ ಹೀಗಿದೆ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಅವನು ಕಾನ್‌ಸ್ಟಾಂಟಿನೋಪಲಿನ ಆರ್ಚ್‌ಬಿಷಪ್. ಅಲ್ಲಿಯ ಜನ ಮರಿಯಮ್ಮನವರನ್ನು ದೇವರನ್ನು ಹೆತ್ತವಳು ಎಂದು ಕರೆಯುತ್ತಿದ್ದರು. ದೇವರಿಗೆ ಹುಟ್ಟು ಎಲ್ಲಿಂದ ಬಂತು, ಕ್ರಿಸ್ತನನ್ನು ಹೆತ್ತವಳು ಅನ್ನಿ, ಜಗಳವೇ ಬೇಡ ಎಂದು ಇವನು ಹೇಳಿದ. ಜಗಳ ನಿಲ್ಲಿಸಲು ಹೇಳಿದ ಶಬ್ದದಿಂದಲೇ ದೊಡ್ಡ ಜಗಳವಾಯಿತು. ಬಿಷಪರ ಸಭೆ ಕೂಡಿತು. ಇವನ ಕಡೆಯವರು ಬಂದು ತಲುಪುವ ಮೊದಲೇ ತೀರ್ಪಾಯಿತು. ಪದವಿ ಹೋಯಿತು. ಕೊನೆಗೆ ಈಜಿಪ್ಟಿನ ಮರಳುಗಾಡಿಗೆ ಗಡಿಪಾರು, ಅಲ್ಲೇ ಸಾವು.

"ನಿಮ್ಮವರು ಅವನ ಹಿಂದೆ ಹೋದವರಾ?"

"ಹಿಂದೆ ಹೋದದ್ದಲ್ಲ ಚೇಟ್ಟಾ. ಪರ್ಷಿಯಾದ ಕಡೆ ನಾವು ಮೊದಲೇ ಇದ್ದೆವು. ಅವನಿಗೆ ಶಾಪ ಹಾಕಿ ಅಂದ್ರು, ನಾವು ಹಾಕ್ಲಿಲ್ಲ. ಅಷ್ಟಕ್ಕೇ ಬೇರೆಯಾದೆವು."

ಆ ಜನ ಹಡಗು ಹತ್ತಿ ಈ ಕೊಲ್ಲಿಗೂ, ಮಲಬಾರಿಗೂ ಬಂದರು. ಈ ಸುಡುವ ದ್ವೀಪದಲ್ಲಿ ಗಾರೆಯಲ್ಲಿ ಶಿಲುಬೆ ಮಾಡಿದರು. ನೋಡಿದರೆ ದೊಡ್ಡ ದ್ರೋಹ ಮಾಡಿದವರ ಜಾಗದ ಹಾಗೆ ಏನೂ ಕಾಣಲಿಲ್ಲ. ಮೂಲೆಯಲ್ಲಿ ಅಡುಗೆಮನೆ ಇದ್ದಿರಬಹುದಾದ ಒಂದು ಚೌಕವಿತ್ತು.

"ಹಿಲ್ಡಾ ನಿಮ್ಮ ಸಭೆಗೆ ಸೇರಿದ್ದಳಾ?" ಎಂದು ಕೇಳಿಬಿಟ್ಟೆ.

ಸಾರಾ ನನ್ನನ್ನೇ ನೋಡಿದರು. "ಹಿಲ್ಡಾ ಚೇಚಿಯಾ? ಅವರು ನಮ್ಮ ಪಳ್ಳಿಯ ಮೆಟ್ಟಿಲು ಸಹ ನೋಡ್ಲಿಲ್ಲ. ಯಾರು ಹೇಳಿದ್ದು?"

ಹೇಳಿದೆ. ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ನಮ್ಮಲ್ಲಿ ಮಣಿ ಎಣಿಸುವ ಪ್ರಾರ್ಥನೆ ಇಲ್ಲ. ರೂಮಿನಲ್ಲಿ ಚೇಚಿ ಒಬ್ಬರೇ ಫೋನ್ ಹಿಡಿದು ಹೇಳುವಾಗ ಸುಮ್ಮನೆ ಕೂರ್ಲಿಕ್ಕೆ ಆಗದೆ ನಾನೂ ಸೇರಿದೆ. ಆದ್ರೆ ಆ ಒಂದು ಶಬ್ದ ನುಂಗುತ್ತಿದ್ದೆ. ಬಾಯಿಗೆ ಬರುದಿಲ್ಲ, ಏನು ಮಾಡ್ಲಿ? ಆಸ್ಪತ್ರೆಯವರ ಪಿಕ್ನಿಕ್ಕಿಗೆ ಇಲ್ಲಿ ಬಂದಾಗ ಚೇಚಿ ಕೇಳಿದ್ರು, 'ಇಲ್ಲಿಯವರು ಏನು ಹೇಳ್ತಿದ್ರು?' ನಮ್ಮ ಹಾಗೆಯೇ, ಯೇಸುವಿನ ತಾಯಿ ಅಂತ, ಎಂದೆ. 'ಹಾಗಾದ್ರೆ ಇವತ್ತು ಹಾಗೆ ಹೇಳುವ. ಬಂದವರು ಮನೆಯವರ ಮಾತು ಆಡ್ಬೇಕು' ಅಂದ್ರು. ಇಲ್ಲೇ, ಮೆಲ್ಲಗೆ ಹೇಳಿದೆವು."

"ಆಮೇಲೆ ರೂಮಿನಲ್ಲಿ?"

"ಬೇಡ, ನೀವು ನಿಮ್ಮದನ್ನೇ ಹೇಳಿ ಅಂದೆ. ಅದಕ್ಕೆ ಬೈದ್ರು. 'ಇಬ್ಬರೂ ಹೇಳ್ಬಹುದಾದ್ದನ್ನೇ ಹೇಳುವ, ಆ ಶಬ್ದಕ್ಕೆ ಬಂದಾಗ ಒಂದೇ ದನಿ ಆದ್ರೆ ನಮ್ಮನೆಯವ್ರು ಲೈನ್ ಕಟ್ಟಾಯ್ತು ಅಂತ ಹಲೋ ಹಲೋ ಅಂತಾರೆ' ಅಂತ."

ಅದು ನಿಜ. ನಾನು ಹಾಗೆ ಹಲೋ ಹಲೋ ಎನ್ನುತ್ತಿದ್ದದ್ದು ನೆನಪಾಯಿತು.

"ನಿಮಗೆ ಅದನ್ನು ಹೇಳ್ಬಹುದಿತ್ತಲ್ಲ ಅವರು," ಎಂದರು ಸಾರಾ.

"ಎರಡೂ ಒಬ್ಬಳೇ ತಾಯಿ ಅಂದಳು. ಅವಳ ಲೆಕ್ಕದಲ್ಲಿ ಅದು ಹೇಳಿದ ಹಾಗೆಯೇ."

ಡ್ರೈವರ್ ದೂರದಲ್ಲಿ ಹಾರ್ನ್ ಹಾಕಿದ. ನಡೆಯುತ್ತಾ ಸಾರಾ ಇನ್ನೊಂದು ಮಾತು ಹೇಳಿದರು. ಕೊನೆಯ ದಿನಗಳಲ್ಲಿ ಹಿಲ್ಡಾಳಿಗೆ ಮಾತು ಬರುತ್ತಿರಲಿಲ್ಲ. ಆಗ ಹಾಸಿಗೆಯ ಪಕ್ಕ ಕೂತು ಎರಡೂ ಅರ್ಧ ಸಾರಾ ಅವರೇ ಹೇಳುತ್ತಿದ್ದರು.

"ಯಾವ ಶಬ್ದ ಹೇಳಿದ್ರಿ?"

"ಅವರದ್ದು. ದೆವಾಚೆ ಮಾಯೆ. ಹಾಸಿಗೆ ಹಿಡಿದವರ ಹತ್ತಿರ ನನ್ನದನ್ನು ಹೇಗೆ ಹೇಳುದು? ನಮ್ಮ ಅಚ್ಚನ್ ಕೇಳಿದ್ರೆ ಬೈತಾರೆ, ನೀವು ಹೇಳ್ಬೇಡಿ."

ಅಚ್ಚನ್ ಎಂದರೆ ಅವರ ಪಾದ್ರಿ. ಹೇಳುವುದಿಲ್ಲ ಎಂದೆ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಸಾರಾ ಅವರನ್ನು ಕೇಳಿಯೇ ಈಗ ಬರೆದಿದ್ದೇನೆ.

ಮತ್ತೆ ಅಬು ಹಲೀಫಾ

ವಾಲ್ಟರ್ ಎಲ್ಲವನ್ನೂ ಕೇಳಿ ಟೀವಿಯ ರಿಮೋಟನ್ನು ತಿರುಗಿಸುತ್ತಾ ಕೂತ. ಟೀವಿ ಹಾಕಿರಲಿಲ್ಲ.

"ನನಗೆ ಹೇಳ್ಬಹುದಿತ್ತು ಅಕ್ಕ."

ಐರಿನ್ ಅಡುಗೆಮನೆಯಿಂದಲೇ ಹೇಳಿದಳು, "ನೀವು ಕೇಳಿದ್ದು ಹೇಗೆ? 'ಎಷ್ಟು ದಿನ ಆಯ್ತು ಸೇರಿ?' ಅಂತ. ಪೊಲೀಸರ ಹಾಗೆ."

ಅವನು ರಿಮೋಟನ್ನು ಕೆಳಗಿಟ್ಟ. "ಸಾರಾ ಸಿಸ್ಟರನ್ನ ತೇರ್ಸಿಗೆ ಕರೀಬೇಕು," ಎಂದ. ಮತ್ತೆ ತಾನೇ ಮುಂದುವರಿಸಿದ, "ಆದ್ರೆ ಅವರು ಬಂದು ಏನು ಮಾಡುದು? ನಾವೆಲ್ಲ ಜೋರಾಗಿ ಹೇಳುವಾಗ ಅವರು ನುಂಗಿಕೊಂಡು ಕೂತ್ಕೊಳ್ಳುದಾ? ನಮ್ಮ ಶಬ್ದ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ ಭಾವ. ಅಕ್ಕನಷ್ಟು ದೊಡ್ಡ ಮನಸ್ಸು ಇಲ್ಲ ನಂಗೆ."

ಅವನು ತುಟಿ ಅಲ್ಲಾಡಿಸುತ್ತಾ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿಕೊಂಡ. ಗಾಳಿಯಲ್ಲಿ ಬೆರಳು, ಕೆಲಸದಲ್ಲಿ ಪೈಪುಗಳನ್ನು ಒಂದೊಂದಾಗಿ ತೋರಿಸುವವನ ಹಾಗೆ. ಅರ್ಧಕ್ಕೆ ಬಂದು ಬೆರಳು ನಿಂತಿತು.

"ಭಾವ! ಮೊದಲರ್ಧದಲ್ಲಿ ಆ ಶಬ್ದವೇ ಇಲ್ಲ!"

ನಾನೂ ಮನಸ್ಸಿನಲ್ಲಿ ಹೇಳಿ ನೋಡಿದೆ. ನಮಾನ್ ಮರಿಯೆ ಎಂದು ಶುರುವಾಗಿ, ಯೇಸುವಿನ ಹೆಸರಿಗೆ ಬಂದು ಮೊದಲರ್ಧ ಮುಗಿಯುತ್ತದೆ. ದೇವರ ತಾಯಿ ಬರುವುದು ಉತ್ತರದಲ್ಲಿ. ಚಿಕ್ಕಂದಿನಿಂದ ಹೇಳಿದ ಪ್ರಾರ್ಥನೆ, ಇದು ಹೊಳೆದಿರಲಿಲ್ಲ.

"ಅವರೇ ಮುಂದೆ ನಿಂತು ಮೊದಲರ್ಧ ಹೇಳ್ಲಿ. ಉತ್ತರ ನಾವು ಕೊಡುವ. ಯಾರೂ ಏನೂ ನುಂಗ್ಬೇಕಾಗಿಲ್ಲ. ಖಲಾಸ್!" ಎಂದ ವಾಲ್ಟರ್. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕನಿಗೂ ಇದು ಹೊಳೀತಿತ್ತು. ನೀವೇ ಅಲ್ವಾ ಇಷ್ಟು ವರ್ಷ ಮೊದಲರ್ಧ ಹಿಡ್ಕೊಂಡು ಕೂತದ್ದು, ಯಜಮಾನ್ರು!"

ಐರಿನ್ ನಕ್ಕಳು. ನಾನೂ ನಕ್ಕೆ. ಆ ಒಂದು ವರ್ಷದಲ್ಲಿ ಹಿಲ್ಡಾಳ ವಿಷಯಕ್ಕೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವೆಂದು ಐರಿನ್ ಆಮೇಲೆ ಹೇಳಿದಳು.

ಫೋನ್ ಮಾಡಿ ಕರೆದದ್ದು ವಾ‌ಲ್ಟರನೇ. "ಸಿಸ್ಟರ್, ನೀವು ಲೀಡ್ ಮಾಡ್ಬೇಕು" ಎಂದ. ಆ ಕಡೆಯಿಂದ ಏನು ಬಂತೋ, "ಇಲ್ಲ ಇಲ್ಲ, ನಿಮ್ಮ ಅಚ್ಚನ್ ಬೈಯುವಂಥದ್ದು ಅದರಲ್ಲಿ ಏನೂ ಇಲ್ಲ," ಎಂದು ಹೇಳಿದ್ದು ಕೇಳಿಸಿತು. ಗುಟ್ಟು ನನ್ನಿಂದ ಅವನಿಗೆ ಹೋದದ್ದು ಹೀಗೆ ಬಯಲಾಯಿತು.

ವರ್ಷದ ತೇರ್ಸಿಗೆ ಹಜಾರ ತುಂಬಿತ್ತು. ಚಪ್ಪಲಿಗಳು ಲಿಫ್ಟಿನವರೆಗೆ. ಹಿಲ್ಡಾಳ ಫೋಟೋದ ಪಕ್ಕ ಸಾರಾ ಮೊಣಕಾಲೂರಿದರು. ಅವರ ಕೊಂಕಣಿಗೆ ಮಲಯಾಳದ ಎಳೆತವಿತ್ತು. ಹಿಂದೆ ಯಾರೋ ಹೆಂಗಸರು ಪಿಸುಗುಟ್ಟಿದರು. ಪ್ರತಿ ಸಲ ಅವರು ಯೇಸುವಿನ ಹೆಸರಿಗೆ ತಂದು ನಿಲ್ಲಿಸುತ್ತಿದ್ದರು. ಅಲ್ಲಿಂದ ಹಜಾರ ಪೂರ್ತಿ ಎತ್ತಿಕೊಳ್ಳುತ್ತಿತ್ತು. ವಾಲ್ಟರನ ದನಿ ಎಲ್ಲಕ್ಕಿಂತ ಜೋರು. ರಿಯಾ ಕೂಡ ಕೊಂಕಣಿಯಲ್ಲೇ ಉತ್ತರ ಕೊಟ್ಟಳು. ಮದುವೆಯಾದ ಮೇಲೆ ನಾನು ಮೊದಲ ಬಾರಿ ಉತ್ತರದ ಕಡೆ ಕೂತಿದ್ದೆ. ಯಾವ ಶಬ್ದ ಹೇಳಿದೆನೆಂದು ಯಾರೂ ಕೇಳಲಿಲ್ಲ.

ಊರಿನಲ್ಲಿ

ಕಲ್ಲು ಕೆತ್ತುವವನಿಗೆ ಸಾಲು ಹೇಳಿದೆ. ಅವನು ಪೆನ್ಸಿಲ್ ಹಿಡಿದು ಕಾದ.

"ನಮಾನ್ ಮರಿಯೆ. ಮತ್ತೆ?"

"ಅಷ್ಟೇ."

"ಅದು ಶುರು ಮಾತ್ರ ಅಲ್ವಾ? ಅರ್ಧ ಆದ ಹಾಗೆ ಕಾಣ್ತದೆ."

"ಅರ್ಧವೇ."

ಮೃತರ ಹಬ್ಬದ ದಿನ ಅತ್ತೆಯನ್ನು ಕರೆದುಕೊಂಡು ಹೋದೆ. ಅವರು ಮೇಣದ ಬತ್ತಿ ಹಚ್ಚಿ, ಕನ್ನಡಕ ಸರಿಮಾಡಿ, ಕಲ್ಲಿನ ಮೇಲಿನ ಸಾಲನ್ನು ಓದಿದರು. ತಾವು ಬೇಕೆಂದ ಶಬ್ದ ಅಲ್ಲಿಲ್ಲ ಎಂದು ಸಿಟ್ಟಾಗುತ್ತಾರೆಂದು ಕಾದು ನಿಂತೆ. ಆದರೆ ತೇರ್ಸಿನಲ್ಲಿ ಬೆಳೆದ ಬಾಯಿ. ಮೊದಲರ್ಧ ಕಂಡರೆ ಸುಮ್ಮನಿರುವುದಿಲ್ಲ. "ದೆವಾಚೆ ಮಾಯೆ" ಎಂದು ಅವರು ಗಟ್ಟಿಯಾಗಿ ಉತ್ತರ ಕೊಟ್ಟರು, ಪೂರ್ತಿ ಹೇಳಿದರು, ಆಮೆನ್ ಎಂದರು.

ಅವರು ಪಕ್ಕದ ಗೋರಿಗೆ ಬತ್ತಿ ಹಚ್ಚಲು ಸರಿದ ಮೇಲೆ, ಹಿಲ್ಡಾ ಹೇಳುತ್ತಿದ್ದ ಹಾಗೆ ನಾನು ನನ್ನ ಉತ್ತರ ಕೊಟ್ಟೆ.